ಅಕ್ಕ ತೊಳೆದ ಫಿಲ್ಟರು

ಕ್ವಾರಿಯ ದಾರಿಯಲ್ಲಿ ಬಿಳಿ ಧೂಳು ಸದಾ ಮೊಣಕಾಲೆತ್ತರಕ್ಕೆ ನಿಂತೇ ಇರುತ್ತಿತ್ತು. ಗಾಡಿ ಹೋಗಿ ಬಹಳ ಹೊತ್ತಾದರೂ ನೆಲಕ್ಕೆ ಇಳಿಯುತ್ತಿರಲಿಲ್ಲ. ಕಲ್ಲು ಒಡೆಯುವವರ ಕೇರಿಗೂ ನಮ್ಮೂರ ಆಸ್ಪತ್ರೆಗೂ ನಡುವೆ ಇದ್ದದ್ದು ಅದೊಂದೇ ದಾರಿ. ಅಲ್ಲಿಂದ ರೋಗಿಗಳನ್ನು ತರಲು ಆಸ್ಪತ್ರೆಗಿದ್ದದ್ದು ಒಂದೇ ಕಾರು. ಆ ಕಾರಿನ ಮೆಕ್ಯಾನಿಕ್ ನಾನು.

ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಕಾಗದದ ಫಿಲ್ಟರು ಆ ಧೂಳಿನಲ್ಲಿ ಹದಿನೈದು ದಿನವೂ ಬಾಳುತ್ತಿರಲಿಲ್ಲ. ಅದು ಕಟ್ಟಿಕೊಂಡಿತೆಂದರೆ ಕಾರು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ತೊಳೆದು ಮತ್ತೆ ಹಾಕುವಂಥದ್ದು ಸಿಗುತ್ತದೆಯೇ ನೋಡಿ ಬನ್ನಿ ಎಂದು ಡಾಕ್ಟರ್ ಇಂದುಮತಿಯವರು ನನ್ನನ್ನು ದೊಡ್ಡ ಊರಿಗೆ ಕಳಿಸಿದರು. ಅಂಗಡಿಯವನು ಮೊದಲು ತೋರಿಸಿದ್ದು ಲಾಳಿಕೆಯಾಕಾರದ, ಪೆಟ್ಟಿಗೆಯಿಲ್ಲದೆ ಬಯಲಲ್ಲೇ ಕೂರುವ ಫಿಲ್ಟರನ್ನು. ಹಾಕಿದರೆ ಎಂಜಿನ್ ಗುಡುಗುತ್ತದೆ, ಬೀದಿಯವರೆಲ್ಲ ತಿರುಗಿ ನೋಡುತ್ತಾರೆ ಎಂದ. ನಮ್ಮ ರೋಗಿಗಳಿಗೆ ಗುಡುಗು ಬೇಕಿರಲಿಲ್ಲ. ಅದಲ್ಲದೆ ಅದು ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ಕಾರಿನ ಹಳೆಯ ಪೆಟ್ಟಿಗೆಯಲ್ಲೇ ಕೂರುವ ಚಪ್ಪಟೆ ಫಿಲ್ಟರೊಂದನ್ನು ಆರಿಸಿದೆ. ಸುತ್ತ ರಬ್ಬರಿನ ಅಂಚು, ತಂತಿಬಲೆಯ ನಡುವೆ ಮಡಿಕೆ ಮಡಿಕೆಯಾಗಿ ಹತ್ತಿಬಟ್ಟೆ, ಧೂಳು ಹಿಡಿಯಲೆಂದು ಬಟ್ಟೆಗೆ ತೆಳುವಾಗಿ ಎಣ್ಣೆ. ಅದನ್ನು ಹಾಕಿದ ಮೇಲೆ ಕಾರು ಎರಡು ತಿಂಗಳು ಒಂದು ಸಲವೂ ತಡವರಿಸಲಿಲ್ಲ. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ತೊಳೆಯುವ ದಿನ ಬಂದಾಗ ನನಗೆ ತಾಳ್ಮೆಯಿರಲಿಲ್ಲ. ಫಿಲ್ಟರಿನ ಜೊತೆ ಬಂದಿದ್ದ ಚೀಟಿಯನ್ನು ಓದಿಯೂ ಇರಲಿಲ್ಲ. ಟೈರಿಗೆ ಗಾಳಿ ತುಂಬುವ ಕೊಳವೆಯನ್ನೇ ಹಿಡಿದು ಹೊರಮೈಯಿಂದಲೇ ಜೋರಾಗಿ ಊದಿದೆ. ಎಣ್ಣೆ ಹೆಚ್ಚಿದ್ದಷ್ಟೂ ಧೂಳು ಹೆಚ್ಚು ಹಿಡಿಯುತ್ತದೆಂದು ತೊಟ್ಟಿಕ್ಕುವಷ್ಟು ಸುರಿದೆ.

ಮೂರನೆಯ ದಿನ ಕಾರು ಏರಿನ ನಡುವೆ ಕೆಮ್ಮಿ ನಿಂತಿತು. ಒಳಗೆ ಹೆರಿಗೆನೋವು ತಿನ್ನುತ್ತಿದ್ದ ಕಲ್ಲಿನ ಕೇರಿಯ ಹುಲಿಗೆವ್ವ. ಕಲ್ಲಿನ ಕೆಲಸದವರು ಅವಳನ್ನು ಹೊರಸಿನ ಮೇಲೆ ಮಲಗಿಸಿ, ಆ ಬಿಳಿ ಧೂಳಿನಲ್ಲೇ ಆಸ್ಪತ್ರೆಯವರೆಗೆ ಹೊತ್ತು ತಂದರು. ತಾಯಿ, ಮಗು ಇಬ್ಬರೂ ಉಳಿದರು. ಕಾರನ್ನು ಎಳೆದು ತಂದು ಬಿಚ್ಚಿ ನೋಡಿದೆ. ಫಿಲ್ಟರಿನ ಎಣ್ಣೆ ಒಳಗೆ ಹರಿದು, ಗಾಳಿಯನ್ನು ಅಳೆಯುವ ಕೂದಲೆಳೆಯಂಥ ತಂತಿಯ ಮೇಲೆ ಕೂತಿತ್ತು. ಗಾಳಿಯ ಅಳತೆ ತಪ್ಪಿದರೆ ಎಂಜಿನ್ನಿಗೆ ಪೆಟ್ರೋಲಿನ ಲೆಕ್ಕವೂ ತಪ್ಪುತ್ತದೆ. ಆದರೆ ಡಾಕ್ಟರು ಕೇಳಿದಾಗ ನನ್ನ ಬಾಯಿಂದ ಬಂದದ್ದು ಬೇರೆ. ಪೆಟ್ರೋಲಿಗೆ ನೀರು ಸೇರಿದೆ, ಎಲ್ಲಿ ತುಂಬಿಸಿದರೋ ಏನೋ ಎಂದುಬಿಟ್ಟೆ. ಪೆಟ್ರೋಲು ತುಂಬಿಸುತ್ತಿದ್ದವನು ಡ್ರೈವರ್ ರಾಜೇಸಾಬ. ನಾಳೆಯಿಂದ ಬರಬೇಡಿ ಎಂದು ಡಾಕ್ಟರು ಅವನಿಗೆ ಹೇಳಿದರು. ಅವನು ಕೀಲಿಯನ್ನು ಮೇಜಿನ ಮೇಲಿಟ್ಟು ಹೋದ.

ನನ್ನನ್ನು ಸಾಕಿ ಬೆಳೆಸಿದವಳು ಅಕ್ಕ ಶಾವಂತ್ರವ್ವ. ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಬಟ್ಟೆ ತೊಳೆಯುತ್ತಿದ್ದಳು. ಅಂದು ಸಂಜೆ ನನ್ನ ಚೀಲದಲ್ಲಿ ಬಚ್ಚಿಟ್ಟಿದ್ದ ಫಿಲ್ಟರು ಅವಳ ಕೈಗೆ ಸಿಕ್ಕಿತು. ಮಡಿಕೆಗಳ ಮೇಲೆ ಬೆರಳಾಡಿಸಿ, ಗಾಯಕ್ಕೆ ಕಟ್ಟುವ ಬಟ್ಟೆಯಂತೆಯೇ ಇದೆಯಲ್ಲ, ಹೇಗೆ ತೊಳೆದೆ ಎಂದು ಕೇಳಿದಳು. ಹೇಳಿದೆ.

"ಧೂಳ್ ಕುಂತ ಕಡಿಂದನ ಊದಿದ್ರ ಅದು ಇನ್ನಷ್ಟ ಒಳಗ ಹೋಗ್ತೈತಿ, ತಮ್ಮಾ. ಬಂದ ದಾರೀಲೆನ ಅದನ್ನ ಹೊರಗ ಕಳಸಬೇಕು."

ಫಿಲ್ಟರನ್ನು ಕಿಟಕಿಗೆ ಹಿಡಿದಳು. ಹರಿದ ಬಟ್ಟೆಯಲ್ಲಿ ಬೆಳಕಿನ ಎರಡು ಚುಕ್ಕೆ ಕಂಡವು.

"ಇದು ಪೆಟ್ರೋಲಿಗೆ ಹರದದ್ದಲ್ಲ," ಎಂದಳು. ಫಿಲ್ಟರನ್ನು ನನ್ನ ಕೈಗಿಟ್ಟು, "ರಾಜೇಸಾಬನ ಮನ್ಯಾಗ ಈಗ ಏನ್ ಮಾತಾಡ್ತಿರತಾರ, ಗೊತ್ತೈತೇನು?" ಎಂದಳು.

ಮರುದಿನ ಬೆಳಿಗ್ಗೆ ರೋಗಿಗಳ ಸಾಲಿನ ಎದುರೇ ಡಾಕ್ಟರ ಮೇಜಿನ ಮೇಲೆ ಆ ಫಿಲ್ಟರನ್ನಿಟ್ಟೆ. "ತಪ್ಪು ರಾಜೇಸಾಬಂದಲ್ರಿ. ನಂದು." ಎಲ್ಲವನ್ನೂ ಹೇಳಿದೆ.

ಡಾಕ್ಟರು ಅದನ್ನು ಪಕ್ಕಕ್ಕೆ ಸರಿಸಿದರು. "ನನ್ನ ಮುಂದ ಹೇಳಿದ್ದು ಸಾಲೂದಿಲ್ಲ. ರಾಜೇಸಾಬರ ಮುಂದ ಹೇಳಿ, ಅವರನ್ನ ಕರಕೊಂಡ ಬರ್ರಿ," ಎಂದರು.

ರಾಜೇಸಾಬ ತನ್ನ ಮನೆಯ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡ. ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದು, "ನಡಿ, ಗಾಡಿ ಬಿಸಲಾಗ ನಿಂತೈತಿ," ಎಂದ.

ಆ ತಂತಿಯನ್ನು ಮುಟ್ಟದೆ, ದ್ರಾವಣ ಸಿಂಪಡಿಸಿ ಎಣ್ಣೆ ಕಳೆದು, ಅಂಥದ್ದೇ ಹೊಸ ಫಿಲ್ಟರು ತಂದು ಹಾಕಿದೆ. ಅದು ಕೊಳೆಯಾದಾಗ ಅಕ್ಕನ ಮುಂದಿಟ್ಟು ಚೀಟಿಯನ್ನು ಓದಿ ಹೇಳಿದೆ. ಮೆಲ್ಲಗೆ ಕೊಡವಬೇಕು, ಸೋಪುನೀರಿನಲ್ಲಿ ಹತ್ತು ನಿಮಿಷ ನೆನೆಯಲು ಬಿಡಬೇಕು, ಒಳಮೈಯಿಂದ ಹೊರಕ್ಕೆ ಸಣ್ಣಗೆ ನೀರು ಬಿಡಬೇಕು, ನೆರಳಲ್ಲಿ ತಾನಾಗಿಯೇ ಒಣಗಬೇಕು. ಅವಳಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಕಡೆಗೆ ಎಣ್ಣೆಯ ಬಗ್ಗೆ ಮಾತ್ರ ಕೇಳಿದಳು. ದೋಸೆಯ ಹಂಚಿಗೆ ಸವರುವಷ್ಟು ಸಾಕೇ ಎಂದಳು. ಅದಕ್ಕಿಂತಲೂ ಕಡಿಮೆ ಎಂದೆ. ನಕ್ಕಳು.

ಆಮೇಲೆ ಆ ಕಾರು ಏರಿನಲ್ಲಿ ನಿಂತದ್ದಿಲ್ಲ. ಅಕ್ಕ ಫಿಲ್ಟರು ತೊಳೆಯುವ ಸುದ್ದಿಯನ್ನು ರಾಜೇಸಾಬನೇ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹಬ್ಬಿಸಿದ. ಬಾಡಿಗೆ ಕಾರಿನವರು ತಮ್ಮ ಫಿಲ್ಟರುಗಳನ್ನು ಹಿಡಿದು ನಮ್ಮ ಮನೆಗೆ ಬರತೊಡಗಿದರು. ನನ್ನನ್ನು ದಾಟಿ ನೇರ ಹಿತ್ತಿಲಿಗೆ ಹೋಗಿ ಅಕ್ಕನನ್ನೇ ಕೇಳುತ್ತಿದ್ದರು. ಅವಳ ಮುಂದೆ ಅವರು ತಾವಾಗಿಯೇ ಚಪ್ಪಲಿ ಬಿಡುವುದನ್ನು ಕಂಡಾಗ ನನ್ನ ಎದೆ ಉಬ್ಬುತ್ತಿತ್ತು. ಎಷ್ಟೋ ಎಂಜಿನ್ ಬಿಚ್ಚಿ ಜೋಡಿಸಿದ್ದೇನೆ. ಅಷ್ಟು ಹೆಮ್ಮೆ ಮತ್ತೆ ಯಾವುದರಿಂದಲೂ ಬರಲಿಲ್ಲ.

ಒಂದು ಮಧ್ಯಾಹ್ನ ಮನೆಗೆ ಬಂದೆ. ಬೇವಿನ ನೆರಳಿನಲ್ಲಿ ಕಟ್ಟಿದ್ದ ಹಗ್ಗದ ಮೇಲೆ ಆರೇಳು ಫಿಲ್ಟರುಗಳು ಒಣಗುತ್ತಿದ್ದವು. ಅಕ್ಕ ಒಂದನ್ನು ಇಳಿಸಿ, ಗಾಳಿಗೆ ಎದುರಾಗಿ ಕೆನ್ನೆಯ ಪಕ್ಕ ಹಿಡಿದು ಕಣ್ಣು ಮುಚ್ಚಿದಳು. ಅದನ್ನು ದಾಟಿ ಬಂದ ಗಾಳಿಗೆ ಅವಳ ನರೆಗೂದಲು ಸಣ್ಣಗೆ ಅಲುಗಿತು.