ಅಕ್ಕನ ಕೈ

ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ಬೆಳಿಗ್ಗೆಯಿಂದ ಗೇಟಿನ ಮುಂದೆ ರಸ್ತೆಗೆ ಅಡ್ಡಲಾಗಿ ಕೂತಿದ್ದರು. ಅವರೆದುರು ಬಸ್ಸು ನಿಲ್ಲಿಸಿದ ಡ್ರೈವರನಿಗೆ ಮೈಯೆಲ್ಲ ಉರಿಯುತ್ತಿತ್ತು. ತಡವಾದದ್ದಕ್ಕೆ ಈ ತಿಂಗಳು ಎರಡು ಮೆಮೊ ಆಗಿತ್ತು. ಮೂರನೆಯದು ಬಂದರೆ ಸೀದಾ ಮನೆಗೆ. ಸಾಲದ್ದಕ್ಕೆ, ಮೊದಲ ಸಾಲಿನಲ್ಲೇ ಅವನ ಒಡಹುಟ್ಟಿದ ಅಕ್ಕ ಕೂತಿದ್ದಳು.

"ಅಕ್ಕಾ, ದಾರಿ ಬಿಡೇ. ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ," ಎಂದ ಕಿಟಕಿಯಿಂದ.

"ಬಟ್ಟೆ ಗಂಟಲ್ಲಿ ಸೂಜಿ ಇರ್ತಾವೆ ಕಣೋ. ಕೈಗವಸು ಕೊಡ್ಲಿ, ಏಳ್ತೀವಿ."

"ಅದನ್ನ ಸಾಹೇಬ್ರನ್ನ ಕೇಳು. ನನ್ನ ಬಸ್ಸೇನು ಮಾಡಿತ್ತು?"

"ಎಂಟು ಅರ್ಜಿ ಕೊಟ್ಟಾಯ್ತು. ನಿನ್ನ ಬಸ್ಸು ನಿಂತ್ಮೇಲೇ ಅವ್ರು ಕಿಟಕಿ ತೆಗೆದು ನೋಡಿದ್ದು."

ಅವನಿಗೊಂದು ಉಪಾಯ ಹೊಳೆಯಿತು. ಯಾರ ಮೇಲಾದರೂ ಕೈ ಎತ್ತಿದವರು ಎದ್ದು ಮನೆಗೆ ಹೋಗಬೇಕೆಂದು ಹೆಂಗಸರು ತಮ್ಮಲ್ಲೇ ಕಟ್ಟುಪಾಡು ಮಾಡಿಕೊಂಡಿದ್ದರು. ಅಕ್ಕನಿಗೋ ಮೂಗಿನ ತುದಿಯಲ್ಲೇ ಕೋಪ. ಅವಳ ಏಟು ತಿನ್ನದವರು ನೆಂಟರಲ್ಲಿ ಯಾರೂ ಇಲ್ಲ, ಭಾವನೂ ಸೇರಿ. ಅವಳೊಂದು ಬಾರಿಸಿದರೆ ಸಾಕು, ದೂರದಲ್ಲಿ ಕಾದು ನಿಂತಿದ್ದ ಪೊಲೀಸರಿಗೆ ನೆಪ ಸಿಕ್ಕಿ ರಸ್ತೆ ತೆರವಾಗುತ್ತದೆ. ಹಾರನ್ ಮೇಲೆ ಅಂಗೈ ಇಟ್ಟವನು ತೆಗೆಯಲೇ ಇಲ್ಲ.

ಅದರಿಂದ ಹುರುಪುಗೊಂಡ ಕೋಟಿನ ಪ್ರಯಾಣಿಕನೊಬ್ಬ ಇಳಿದು ಹೋಗಿ, "ಏಳ್ತೀಯೋ ಇಲ್ವೋ," ಎಂದು ಬಾಟಲಿಯ ನೀರನ್ನೆಲ್ಲ ಅಕ್ಕನ ತಲೆಯ ಮೇಲೆ ಸುರಿದ.

ಡ್ರೈವರ್ ಉಸಿರು ಬಿಗಿಹಿಡಿದ. ಈಗ ಬಿತ್ತು, ಈಗ ಬಿತ್ತು. ಅಕ್ಕನ ಬಲಗೈ ಅರ್ಧ ಮೇಲೆದ್ದಿತು. ಆಮೇಲೆ ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ಮೈಭಾರವನ್ನೆಲ್ಲ ಅವುಗಳ ಮೇಲೆ ಹಾಕಿ ಕೂತಳು. ಮುಖದಿಂದ ಇಳಿಯುತ್ತಿದ್ದ ನೀರನ್ನೂ ಒರೆಸಿಕೊಳ್ಳಲಿಲ್ಲ.

ಹಾರನ್ ನಿಂತಿತು. ನಲವತ್ತು ವರ್ಷದಲ್ಲಿ ಆ ಕೈ ತಡೆದುಕೊಂಡದ್ದನ್ನು ಅವನು ಕಂಡಿರಲಿಲ್ಲ. ನೀರು ಸುರಿದವನು ಕೋಟಿನವನಾದರೂ ಸುರಿಸಿದವನು ತಾನು.

ಅಷ್ಟರಲ್ಲಿ ಬಸ್ಸಿನ ಹಿಂದೆ ನಿಂತಿದ್ದ ಲಾರಿಯೊಂದು ಪಕ್ಕಕ್ಕೆ ಹೊರಳಿ, ಹೆಂಗಸರನ್ನು ಹೆದರಿಸಲು ಗುರುಗುಟ್ಟುತ್ತಾ ಮುಂದೆ ಬರತೊಡಗಿತು.

"ಥೂ, ಇವಳ ಹಠಕ್ಕಿಷ್ಟು," ಎಂದು ಗೊಣಗುತ್ತಾ ಡ್ರೈವರ್ ಸ್ಟೀರಿಂಗ್ ತಿರುಗಿಸಿದ.

"ಅಣ್ಣಾ, ಮೂರನೇ ಮೆಮೊ," ಎಂದ ಕಂಡಕ್ಟರ್.

"ಗೊತ್ತು ಕಣಯ್ಯ. ಹಿಂದೆ ನೋಡ್ಕೊಂಡು ಸೀಟಿ ಊದು."

ಬಸ್ಸು ಹಿಂದೆ ಮುಂದೆ ಆಡಿ, ಹೆಂಗಸರಿಗೂ ಲಾರಿಗೂ ನಡುವೆ ಗೋಡೆಯಂತೆ ಅಡ್ಡ ನಿಂತಿತು. ಅವನು ಕೀ ತೆಗೆದು ಜೇಬಿಗೆ ಹಾಕಿಕೊಂಡ.

"ಲೋ, ನಿನ್ನ ಕೆಲ್ಸ ಹೋಗುತ್ತೆ ಕಣೋ," ಎಂದು ಅಕ್ಕ ಗದರಿದಳು.

"ಸುಮ್ನೆ ಕೂತ್ಕೊಳೇ. ತಲೆ ಕೆಡಿಸ್ಬೇಡ."

ಕೋಟಿನವನು ಓಡಿ ಬಂದ. "ಇದು ಯಾವಾಗ ಹೊರಡುತ್ತೆ?"

"ಕೈಗವಸು ಬಂದ್ಮೇಲೆ. ನಿಮಗೆ ಅರ್ಜೆಂಟಿದೆಯಲ್ಲ ಸಾರ್, ಒಳಗೆ ಹೋಗಿ ಸಾಹೇಬ್ರನ್ನ ನೀವೇ ಒಂದು ಮಾತು ಕೇಳಿ."