ಸನ್ಮಾನದ ಶನಿವಾರ

ಅಮೆರಿಕದ ಸಿಟಿಜನ್‌ಶಿಪ್ ಸಿಕ್ಕ ವರ್ಷವೇ ದಿವಾಕರನಿಗೆ ಪಕ್ಷದ ಹುಚ್ಚು ಹಿಡಿಯಿತು. ಪ್ಲೇನ್ಸ್‌ಬರೋದ ಆಸುಪಾಸಿನ ಒಂದು ಟೌನ್‌ಶಿಪ್ಪಿನಲ್ಲಿ ಪಕ್ಷದ ಕಾರ್ಯದರ್ಶಿಯಾದ. ಅಪಾರ್ಟ್‌ಮೆಂಟುಗಳ ಕನ್ನಡಿಗರನ್ನು ಕಟ್ಟಿಕೊಂಡು ಮನೆಮನೆಯ ಬಾಗಿಲು ತಟ್ಟಿ ಓಟು ಕೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಕಳೆದ ವರ್ಷ ಅವನ ತಲೆಗೆ ಬೇರೊಂದು ಹೊಕ್ಕಿತು: ನಮ್ಮವರೊಬ್ಬರು ಜಡ್ಜ್ ಆಗಬೇಕು.

"ಟೌನ್‌ಶಿಪ್ ಕೌನ್ಸಿಲ್ ಇವತ್ತು ಬರುತ್ತೆ, ನಾಳೆ ಹೋಗುತ್ತೆ. ಜಡ್ಜ್ ಆದ್ರೆ ಏಳು ವರ್ಷ ಯಾರೂ ಅಲ್ಲಾಡಿಸೋಕಾಗಲ್ಲ," ಎನ್ನುತ್ತಿದ್ದ. ಮೈಸೂರು ಕಡೆಯ ವಕೀಲೆ ಕ್ಷಮಾ ಅವರ ಹೆಸರು ಹಿಡಿದು, ಜಡ್ಜ್ ನೇಮಕಕ್ಕೆ ಒಪ್ಪಿಗೆ ಕೊಡುವ ಸೆನೆಟರುಗಳ ಬಾಗಿಲು ಕಾಯಲು ಬೇಸಿಗೆಯಿಡೀ ರಾಜ್ಯದ ರಾಜಧಾನಿ ಟ್ರೆಂಟನ್‌ಗೆ ಓಡಾಡಿದ. ಮೂಗಿಗಿಂತ ಮೂಗುತಿ ಭಾರವಾಗಿತ್ತು. ಅಕ್ಟೋಬರಿನಲ್ಲಿ ಕ್ಷಮಾ ಕೌಂಟಿ ಕೋರ್ಟಿನ ನ್ಯಾಯಾಧೀಶೆಯಾದರು.

ಆ ನವೆಂಬರಿನಲ್ಲಿ ಪಕ್ಷದಿಂದ ಕೌನ್ಸಿಲಿಗೆ ನಿಂತಿದ್ದವರು ಅಲಮೇಲು, ನಿವೃತ್ತ ಕೆಮಿಸ್ಟ್ರಿ ಟೀಚರ್. ಮಾಲೀಕರು ಮನಬಂದಂತೆ ಬಾಡಿಗೆ ಏರಿಸದಂತೆ ಟೌನ್‌ಶಿಪ್ ಒಂದು ಮಿತಿ ಹಾಕಿತ್ತು. ಅದನ್ನು ಉಳಿಸುತ್ತೇನೆ ಎಂಬುದೇ ಅವರ ಭರವಸೆ. ತೆಗೆದುಹಾಕುತ್ತೇವೆ ಎಂದು ಎದುರಾಳಿಗಳು ಬಹಿರಂಗವಾಗಿಯೇ ಹೇಳಿದ್ದರು.

ದಿವಾಕರನ ಮೇಲಿನ ಮಹಡಿಯ ಗೆಳೆಯ ಪೀರ್ ಅಹ್ಮದನಿಗೆ ಇದು ಬರೀ ರಾಜಕೀಯವಾಗಿರಲಿಲ್ಲ. ಬಾಡಿಗೆ ಏರಿದರೆ ಅವನು ಆ ಊರು ಬಿಡಬೇಕು, ಮಗಳು ಆಫ್ರೀನ್ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಶಾಲೆ ಬದಲಿಸಬೇಕು. ಗ್ರೀನ್ ಕಾರ್ಡಿಗೆ ಇನ್ನೂ ಕಾಯುತ್ತಿದ್ದ ಅವನಿಗೆ ಓಟಿಲ್ಲ. ಆದರೂ ಪ್ರತಿ ಶನಿವಾರ ಕಾರ್ಯಕರ್ತರ ಜೊತೆ ತಿರುಗುತ್ತಿದ್ದ.

ಚುನಾವಣೆಗೆ ಮುಂಚಿನ ಕೊನೆಯ ಶನಿವಾರವೇ ನವೆಂಬರ್ ಒಂದು ಬಂತು, ಕನ್ನಡ ರಾಜ್ಯೋತ್ಸವ. ಆ ದಿನವೇ ಕ್ಷಮಾ ಅವರಿಗೆ ಸನ್ಮಾನ ಎಂದು ದಿವಾಕರ ಘೋಷಿಸಿದ.

"ಜನ ಮನೇಲಿ ಸಿಗೋ ದಿನ ಅದು, ದಿವಾಕರ್. ಸನ್ಮಾನ ಮುಂದಿನ ವಾರ ಇಟ್ಕೊಳ್ಳಿ," ಎಂದರು ಅಲಮೇಲು.

"ರಾಜ್ಯೋತ್ಸವ ಮುಂದಕ್ಕೆ ಹಾಕೋಕಾಗುತ್ತಾ ಆಂಟಿ? ನಮ್ಮ ಓಟು ಎಲ್ಲೂ ಹೋಗಲ್ಲ."

ಸನ್ಮಾನವೆಂದರೆ ನಮ್ಮವರಿಗೆ ಹೋಳಿಗೆಗಿಂತ ರುಚಿ. ಕಾರ್ಯಕರ್ತರೆಲ್ಲ ಬೆಳಿಗ್ಗೆಯಿಂದ ಹಾಲ್‌ನಲ್ಲಿ ತೋರಣ ಕಟ್ಟಿದರು. ಕ್ಷಮಾಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣಗಳು ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. ಅವತ್ತು ಯಾರ ಮನೆಯ ಬಾಗಿಲನ್ನೂ ಯಾರೂ ತಟ್ಟಲಿಲ್ಲ.

ಅಲಮೇಲು ಸೋತರು, ಒಂದು ಕಟ್ಟಡದವರು ಮನಸ್ಸು ಮಾಡಿದ್ದರೆ ತುಂಬಿಕೊಡಬಹುದಾದಷ್ಟೇ ಓಟುಗಳಿಂದ. ಹೊಸ ಕೌನ್ಸಿಲ್ ಚಳಿಗಾಲ ಮುಗಿಯುವುದರೊಳಗೆ ಮಿತಿಯನ್ನು ರದ್ದು ಮಾಡಿತು. ಬಾಡಿಗೆ ಏರಿತು.

"ಹೆದರಬೇಡಿ ಪೀರ್ ಭಾಯ್. ಕೋರ್ಟಲ್ಲಿ ನಮ್ಮೋರಿದ್ದಾರೆ," ಎಂದು ದಿವಾಕರ ಬಾಡಿಗೆದಾರರನ್ನೆಲ್ಲ ಸೇರಿಸಿ ಕೇಸು ಹಾಕಿಸಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ. ಕೇಸು ಕ್ಷಮಾ ಅವರ ಮುಂದೆಯೇ ಬಂದಾಗ ಅವನು ಹಿಗ್ಗಿ ಮುಂದಿನ ಸಾಲಿನಲ್ಲಿ ಕೂತ. ಅವರು ಅವನ ಕಡೆ ನೋಡಲಿಲ್ಲ. ಕೇಸು ಹಾಕಿದವರಲ್ಲಿ ಹಲವರು ಸೇರಿ ತಮಗೆ ಸನ್ಮಾನ ಮಾಡಿದ್ದಾರೆ, ಆದ್ದರಿಂದ ತಾವು ಇದನ್ನು ವಿಚಾರಿಸುವಂತಿಲ್ಲ ಎಂದು ಹೇಳಿ ಎದ್ದುಹೋದರು.

ಕೇಸು ಬೇರೊಬ್ಬ ನ್ಯಾಯಾಧೀಶರಿಗೆ ಹೋಯಿತು. ಮಿತಿ ಹಾಕುವುದು, ತೆಗೆಯುವುದು ಕೌನ್ಸಿಲಿಗೆ ಬಿಟ್ಟದ್ದು, ಬೇಡವಾದರೆ ಬೇರೆ ಕೌನ್ಸಿಲನ್ನು ಆರಿಸಿಕೊಳ್ಳಿ ಎಂದು ಅವರು ಕೇಸು ವಜಾ ಮಾಡಿದರು. ಕ್ಷಮಾ ಕೂತಿದ್ದರೂ ಬೇರೇನು ಹೇಳಲು ಸಾಧ್ಯವಿತ್ತು? ಇದು ದಿವಾಕರನಿಗೆ ಆಗ ಹೊಳೆಯಿತು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

ಜೂನ್ ಕೊನೆಗೆ ಪೀರ್ ಅಹ್ಮದ್ ಮನೆ ಖಾಲಿ ಮಾಡಿದ. ದಿವಾಕರ ಸಾಮಾನು ಇಳಿಸಲು ಕೈಜೋಡಿಸಿದ. ಆಫ್ರೀನ್ ಆಗಲೇ ಟ್ರಕ್ಕಿನಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಿಟಕಿಯ ಆಚೆ ನೋಡುತ್ತಿದ್ದಳು.

"ಅಪೀಲು ಹಾಕೋಣ ಭಾಯ್," ಎಂದ ದಿವಾಕರ.

ಪೀರ್ ಅಹ್ಮದನ ದನಿಯಲ್ಲಿ ಸಿಟ್ಟಿರಲಿಲ್ಲ. "ಕೋರ್ಟು ಬಿಡಿ, ದಿವಾಕರ್. ಓಟಿದ್ದಿದ್ರೆ ನಾನೇ ಹೋಗಿ ಹಾಕಿ ಬರ್ತಿದ್ದೆ. ನನಗಿಲ್ಲ, ನಿಮಗಿತ್ತು. ನಿಮ್ಮನ್ನ ಬಿಟ್ಟು ನಾನು ಇನ್ಯಾರನ್ನ ನಂಬ್ಕೋಬೇಕಿತ್ತು?"