ತಟ್ಟೆಯಿಂದ ಆಯ್ದ ಹುಳ

"ಬಿಗಿಯಾಗಿ ಕಟ್ಟೇ. ಮೈ ಸೆಟೆದ್ಮೇಲೆ ಬಾಯಿ ಮುಚ್ಚಲ್ಲ," ಎಂದಳು ಚಿಕ್ಕಗಂಗಮ್ಮ.

ಭಾರತಮ್ಮ ಹಳೆ ಪಂಚೆಯ ಪಟ್ಟಿಯನ್ನು ಅತ್ತೆ ಆವಲಮ್ಮನ ಗದ್ದದಡಿಯಿಂದ ಎಳೆದು ನೆತ್ತಿಯ ಮೇಲೆ ಗಂಟು ಹಾಕಿದಳು. ಬೆಳಿಗ್ಗೆ ರೇಷ್ಮೆಹುಳಕ್ಕೆ ಸೊಪ್ಪು ಕುಯ್ಯುತ್ತಿದ್ದ ಆವಲಮ್ಮ ಹಿಪ್ಪುನೇರಳೆ ಸಾಲಿನಲ್ಲೇ ಕೂತವಳು ಮತ್ತೆ ಏಳಲಿಲ್ಲ. ಹತ್ತು ಗಂಟೆಗೆಲ್ಲ ಅವಳ ತಂಗಿ ಚಿಕ್ಕಗಂಗಮ್ಮ ತಾಯಲೂರಿನಿಂದ ಎದೆ ಬಡಿದುಕೊಳ್ಳುತ್ತಾ ಬಂದಿದ್ದಳು. ಸೊಸೆಗೆ ಮಾತ್ರ ಅಳು ಬರಲಿಲ್ಲ. ಬಂದವರೆಲ್ಲ ತನ್ನ ಕಣ್ಣನ್ನೇ ನೋಡುತ್ತಿದ್ದಾರೆಂದು ಗೊತ್ತಿತ್ತು, ಆದರೂ ಬರಲಿಲ್ಲ.

"ಇದೇನೇ, ಅಕ್ಕನ ಗಂಗಳ, ಲೋಟ ಎಲ್ಲಾ ಕೊಟ್ಟಿಗೆ ಸೂರಲ್ಲಿ ಯಾಕಿಟ್ಟಿದ್ದೀಯ?"

"ನಾನಿಟ್ಟಿಲ್ಲ ಚಿಕ್ಕತ್ತೆ. ಅವರೇ ಇಟ್ಕೊಂಡಿದ್ದು. ಅಲ್ಲೇ ಉಣ್ತಿದ್ರು, ಅಲ್ಲೇ ಮಲಗ್ತಿದ್ರು."

"ಇಷ್ಟು ದೊಡ್ಡ ಮನೆ ಇಟ್ಕೊಂಡು ದನದ ಜೊತೇಲಾ? ಇದೇಮಿ ಕರ್ಮಮು ತಲ್ಲೀ!" ಎಂದು ತೆಲುಗಿನಲ್ಲೇ ಹಲುಬಿದಳು.

"ಅವರ ಹಟ," ಎಂದಳು ಭಾರತಮ್ಮ. ಸುಳ್ಳೇನಲ್ಲ, ಆದರೆ ಅರ್ಧ. ಅರ್ಧ ಮಾತಾಡಿ ಸುಮ್ಮನಾಗುವುದು ಅವಳಿಗೆ ಎಂಟು ವರ್ಷದಿಂದ ರೂಢಿಯಾಗಿತ್ತು.

*

ಎಪ್ಪತ್ತೆಂಟನೇ ಇಸವಿಯಲ್ಲಿ ಭಾರತಮ್ಮನ ಮಗ ಕದಿರೇಶನಿಗೆ ಐದು ವರ್ಷ. ಒಂದು ಮಧ್ಯಾಹ್ನ ಬಲಗೆನ್ನೆ ಊದಿಕೊಂಡಿತು. ಗದ್ದಕಟ್ಟಿನ ಬಾವು ಎಂದು ಅರಿಶಿನ, ಸುಣ್ಣ ಹಚ್ಚಿದರು. ಎರಡು ವಾರದಲ್ಲಿ ದವಡೆ ಮುಷ್ಟಿಯಷ್ಟು ದಪ್ಪವಾಗಿ ಹಲ್ಲು ಅಲ್ಲಾಡತೊಡಗಿದವು; ಮಗು ತಾನೇ ಒಂದನ್ನು ಕಿತ್ತು, ಅಂಗೈಯಲ್ಲಿಟ್ಟು ಅಜ್ಜಿಗೆ ತೋರಿಸಿದ. ಕೋಲಾರದ ಡಾಕ್ಟರು ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು.

ಅಲ್ಲಿನ ಡಾಕ್ಟರು ಇನ್ನೂ ಎಳೆ ವಯಸ್ಸಿನವರು, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಮನುಷ್ಯ. "ಲಿಂಫೋಮಾ ಅಂತ, ಒಂದು ಬಗೆಯ ಕ್ಯಾನ್ಸರ್ರು. ಇದಕ್ಕೂ ಒಂದು ವೈರಸ್ಸಿಗೂ ನಂಟಿದೆ ಅಂತ ಹೊರದೇಶದಲ್ಲಿ ಕಂಡುಕೊಂಡಿದ್ದಾರೆ. ಕಣ್ಣಿಗೆ ಕಾಣದ ಕ್ರಿಮಿ ಅದು. ಎಂಜಲಿಂದ ಹರಡುತ್ತೆ."

ಅಷ್ಟೇ ಸಾಕಾಯಿತು. ಹಲ್ಲು ಬರುವ ಮೊದಲಿಂದಲೂ ಆ ಮಗುವಿಗೆ ಕಡಲೆಕಾಯಿ, ಬೆಲ್ಲ ಅಗಿದು ನುಣ್ಣಗೆ ಮಾಡಿ, ತನ್ನ ನಾಲಿಗೆ ಮೇಲಿಂದ ಬೆರಳಲ್ಲಿ ತೆಗೆದು ತಿನ್ನಿಸಿದವಳು ಆವಲಮ್ಮ. ಊರಿನ ಅಜ್ಜಿಯರೆಲ್ಲ ಮಾಡುವುದೇ. ಮಗುವಿನ ಬಟ್ಟೆಬರೆ ತರಲು ಊರಿಗೆ ಬಂದ ಭಾರತಮ್ಮ ಬಸ್ಸಿಳಿದವಳೇ ಹುಳದ ಮನೆಯ ಬಾಗಿಲಲ್ಲಿ ನಿಂತು ಹೇಳಿಬಿಟ್ಟಳು. "ಅದೇನೋ ವೈರಸ್ ಅಂತೆ, ನಿಮ್ಮ ಎಂಜಲಿಂದ ಬಂದಿದ್ದಂತೆ ಅತ್ತೆ. ಡಾಕ್ಟ್ರು ಹೇಳಿದ್ರು."

ಆವಲಮ್ಮ ಆಗ ರೇಷ್ಮೆಹುಳ ಸಾಕುವ ಬಿದಿರು ತಟ್ಟೆಯಿಂದ ಹಾಲ್ತೊಂಡೆ ಬಂದ ಹುಳ ಆಯುತ್ತಿದ್ದಳು. ಆ ರೋಗ ಬಂದ ಹುಳ ಉಬ್ಬಿ, ಒಡೆದು, ಹಾಲಿನಂಥ ನೀರು ಸೋರುತ್ತದೆ. ಒಂದನ್ನು ಬಿಟ್ಟರೆ ಇಡೀ ತಟ್ಟೆಯೇ ಹೋಯಿತು. ವೈರಸ್ ಅಂದರೇನು ಎಂದು ಅವಳು ಕೇಳಲಿಲ್ಲ. ಕೈಲಿದ್ದ ಹುಳವನ್ನು ಸುಣ್ಣದ ನೀರಿನ ಡಬ್ಬಕ್ಕೆ ಹಾಕಿದಳು.

"ಹಂಗಾದ್ರೆ ನಾನು ತಟ್ಟೇಲಿರಬಾರ್ದು ಕಣಮ್ಮ," ಎಂದಳು. ಅವತ್ತೇ ಅವಳ ಚಾಪೆ ಕೊಟ್ಟಿಗೆಗೆ ಹೋಯಿತು.

ಕದಿರೇಶ ಆಮೇಲೆ ಮೂರು ತಿಂಗಳು ಬದುಕಿದ್ದ. ಕೊನೆಕೊನೆಗೆ ಒಂದು ದಿನ, ಗಂಡ ಮುನಿರಾಮಪ್ಪ ಔಷಧಿ ತರಲು ಹೋಗಿದ್ದಾಗ, ಭಾರತಮ್ಮ ಅದೇ ಡಾಕ್ಟರನ್ನು ಕೇಳಿದಳು, ಅಜ್ಜಿ ಬಾಯಿಂದ ತಾನೇ ಇದು ಬಂದದ್ದು ಎಂದು. ಅವರು ಗಾಬರಿಯಾಗಿ ಕುರ್ಚಿ ಎಳೆದು ಕೂರಿಸಿದರು.

"ಅಯ್ಯೋ, ಹಾಗೆ ತಿಳ್ಕೋಬೇಡಿಮ್ಮ. ಆ ಕ್ರಿಮಿ ಹೆಚ್ಚುಕಮ್ಮಿ ಎಲ್ಲರ ಬಾಯಲ್ಲೂ ಇರುತ್ತೆ. ನನ್ನಲ್ಲೂ, ನಿಮ್ಮಲ್ಲೂ. ಒಬ್ಬರಿಂದ ಅಲ್ಲದಿದ್ರೆ ಇನ್ನೊಬ್ಬರಿಂದ ಬಂದೇ ಬರುತ್ತೆ, ಬಂದು ಸುಮ್ಮನಿರುತ್ತೆ. ಎಲ್ಲೋ ಒಂದು ಮಗುವಿಗೆ ಮಾತ್ರ ಯಾಕೆ ಹೀಗಾಗುತ್ತೋ ನಮಗೂ ಸರಿಯಾಗಿ ಗೊತ್ತಿಲ್ಲ. ಅಜ್ಜೀದು ಏನೂ ತಪ್ಪಿಲ್ಲ."

ಆ ಮಾತನ್ನು ಅವಳು ಮನೆಗೆ ತರಲಿಲ್ಲ. ಮಗುವಿನ ಮಣ್ಣು ಮುಗಿಸಿಕೊಂಡು ಬಂದ ದಿನ ಹೇಳಬೇಕೆಂದುಕೊಂಡಳು. ತಿಂಗಳು ಕಳೆಯಲಿ ಎಂದುಕೊಂಡಳು. ಯಾರದೂ ತಪ್ಪಿಲ್ಲ ಅಂದಮೇಲೆ ಅಷ್ಟು ಸಿಟ್ಟನ್ನು ಎಲ್ಲಿಡುವುದು? ಮರುವರ್ಷ ಆದಿಲಕ್ಷ್ಮಿ ಹುಟ್ಟಿದಳು. ಆವಲಮ್ಮ ತೊಟ್ಟಿಲಿಗೆ ಉದ್ದನೆ ಹಗ್ಗ ಕಟ್ಟಿ, ಬಾಗಿಲಾಚೆ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿದು ತೂಗಿದಳು. ಅದನ್ನು ನೋಡುತ್ತಾ, ನಾಳೆ ಹೇಳಿದರಾಯಿತು ಎಂದು ಭಾರತಮ್ಮ ಏಳು ವರ್ಷ ತಳ್ಳಿದಳು.

*

ಮೂರು ಗಂಟೆಗೆ ಚಟ್ಟ ಸಿದ್ಧವಾಯಿತು. ತಮಟೆಯವರು ಬಂದರು. ಗದ್ದದ ಕಟ್ಟು ಬಿಚ್ಚಿದ ಮೇಲೆ ಒಬ್ಬೊಬ್ಬರೇ ಬಂದು ಸತ್ತವಳ ಬಾಯಿಗೆ ಅಕ್ಕಿಕಾಳು ಹಾಕಿದರು. ಮಗ ಮುನಿರಾಮಪ್ಪ ಹಾಕಿದ, ಸೊಸೆ ಹಾಕಿದಳು.

"ಮೊಮ್ಮಗಳು ಬರಲಿ," ಎಂದು ಯಾರೋ ಕೂಗಿದರು.

ಆದಿಲಕ್ಷ್ಮಿ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಬಂದಳು. ಎರಡು ಹೆಜ್ಜೆ ಹಿಂದೆಯೇ ನಿಂತು, ಕೈ ಚಾಚಿ ಮೇಲಿಂದ ಉದುರಿಸಿದಳು. ಕಾಳು ಕೆನ್ನೆಗೆ ಬಿದ್ದು ಕತ್ತಿನ ಸಂದಿಗೆ ಜಾರಿದವು.

"ಹತ್ರ ಹೋಗೇ. ಬಾಯೊಳಕ್ಕೆ ಹಾಕ್ಬೇಕು," ಎಂದಳು ಚಿಕ್ಕಗಂಗಮ್ಮ.

"ಅಜ್ಜಿ ಬಯ್ತಾಳೆ. ಅವಳ ಬಾಯಿ ಹತ್ರ ಬರಬಾರ್ದಂತೆ."

"ಏನೂ ಆಗಲ್ಲ, ಹೋಗಮ್ಮ," ಎಂದ ಮುನಿರಾಮಪ್ಪ. ಅವನಿಗೇ ಧೈರ್ಯ ಸಾಲದೆ ಹೆಂಡತಿಯ ಮುಖ ನೋಡಿದ.

"ಏನೂ ಆಗಲ್ಲ," ಎಂದಳು ಭಾರತಮ್ಮ. ದನಿ ತನ್ನದಲ್ಲವೆಂಬಂತೆ ಕೇಳಿಸಿತು. "ಮುಂಚೆಯೂ ಏನೂ ಆಗ್ತಿರ್ಲಿಲ್ಲ. ಆ ಕ್ರಿಮಿ ಎಲ್ಲರ ಬಾಯಲ್ಲೂ ಇರ್ತದಂತೆ. ಅತ್ತೇದು ಏನೂ ತಪ್ಪಿಲ್ಲ ಅಂತ ಡಾಕ್ಟ್ರು ಹೇಳಿದ್ರು."

"ಯಾವಾಗ?" ಎಂದ ಗಂಡ.

"ಕದಿರೇಶ ಇದ್ದಾಗ್ಲೇ."

ಮುನಿರಾಮಪ್ಪ ಬಯ್ಯಲಿಲ್ಲ. ತಾಯಿಯ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿಗೆ ಕಟ್ಟಿದ ದಾರವನ್ನು ಸರಿಮಾಡುತ್ತಲೇ ಇದ್ದ. ಅದು ಸರಿಯಾಗಿಯೇ ಇತ್ತು.

"ನಿಂಗೆ ಗೊತ್ತಿತ್ತೇನೇ," ಎಂದ, ತಲೆ ಎತ್ತದೆ.

ಚಿಕ್ಕಗಂಗಮ್ಮ ಹುಡುಗಿಯ ಕೈಗೆ ಮತ್ತೆ ನಾಲ್ಕು ಕಾಳು ಕೊಟ್ಟಳು. ಆದಿಲಕ್ಷ್ಮಿ ಉಸಿರು ಬಿಗಿಹಿಡಿದು ಬಗ್ಗಿ, ಹುಟ್ಟಿದಾಗಿನಿಂದ ಮೊದಲ ಸಲ ಅಜ್ಜಿಯ ತುಟಿ ಮುಟ್ಟಿ ಕಾಳನ್ನು ಒಳಗೆ ತಳ್ಳಿದಳು.

ಚಟ್ಟ ಎತ್ತಿದರು. ಹೆಂಗಸರ ಅಳು ಜೋರಾಯಿತು. ಭಾರತಮ್ಮ ಮಗಳನ್ನು ಅಪ್ಪಿಕೊಳ್ಳಲು ಎರಡೂ ಕೈ ಚಾಚಿದಳು.

"ಮುಟ್ಬೇಡಮ್ಮ, ಇರು," ಎಂದು ಹುಡುಗಿ ಹಿಂದೆ ಸರಿದಳು. ತುಟಿ ಮುಟ್ಟಿದ ಬೆರಳುಗಳನ್ನು ಯಾರ ಮೈಗೂ ತಾಗದಂತೆ ಎತ್ತಿ ಹಿಡಿದುಕೊಂಡು, ಜನರ ನಡುವೆ ನುಸುಳಿ, ಸೋಪು ಹುಡುಕಿಕೊಂಡು ಹಿತ್ತಿಲಿಗೆ ಓಡಿದಳು.